ಮರಳಿ ಬಂದ ಬೈಗುಳ

ಅತ್ತ್ಯಾರ,

ನಾ ಹತ್ತಿ ಬಿಡಸಾಕ ಹೊಂಟೇನ್ರಿ. ನೀವು ಮಲಗಿದ್ರಿ, ಎಬ್ಬಸಲಿಲ್ಲ.

ರೊಟ್ಟಿ ಹಾಲಿನ್ಯಾಗ ನೆನಿ ಇಟ್ಟೇನಿ. ಮಧ್ಯಾನ ಬಾಜೂ ಮನಿ ಮೈಲಾರವ್ವ ಬಂದು ಉಣಸ್ತಾಳ. ಉಂಡ ಮ್ಯಾಲೆ ಬಿಳಿ ಗುಳಿಗಿ ನುಂಗ್ರಿ, ನಿನ್ನಿಗತೆ ದಿಂಬಿನ ಬುಡಕ ಇಡಬ್ಯಾಡ್ರಿ. ರಬ್ಬರ್ ಚೆಂಡು ಬಲಗೈಲೆ ನೂರು ಸಲ ಹಿಚಕ್ರಿ.

ಲಕ್ವಾ ಹೊಡೆದು ನಿಮ್ಮ ಮಾತು ನಿಂತು ಐದು ತಿಂಗಳಾತು. ಖರೇ ಹೇಳ್ತೇನ್ರಿ, ಮೊದಲ ವಾರ ನಾ ಒಳಗೊಳಗ ಹಿಗ್ಗಿದ್ನಿ. ಹನ್ನೊಂದು ವರ್ಷದಾಗ ಮೊದಲ ಸಲ ನನ್ನ ಸಾರಿಗೆ ಯಾರೂ ಹೆಸರಿಡಲಿಲ್ಲ. ಎರಡನೇ ವಾರ ಅದ ಸಾರು ನನ್ನ ಗಂಟಲದಾಗ ಇಳೀಲಿಲ್ಲ. ಆಮ್ಯಾಲೆ ದಿನಾ ನಿಮ್ಮ ಮುಂದ ಕುಂತು, ಕೂಸಿಗೆ ಕಲಿಸಿದಂಗ 'ಅವ್ವ, ಅವ್ವ' ಅಂತ ಕಲಿಸಿದ್ನಿ. ನೀವು ಬಾಯಿ ಬಿಡಲಿಲ್ಲ.

ನಿನ್ನೆ ನಾ ಹಾಲು ಉಕ್ಕಿಸಿದಾಗ ಅಗದಿ ಸ್ಪಷ್ಟ 'ಖೋಡಿ' ಅಂತ ಮೊದಲಿನಗತೆ ಬೈದ್ರಿ. ಆ ಖುಷಿಗೆ ಓಣಿ ತುಂಬ ತಿರುಗಿ ಹೇಳಿ ಬಂದ್ನಿ. ಬೈಸಿಕೊಂಡು ಡಂಗುರ ಹೊಡಿಯೋ ಸೊಸಿ ಈ ಊರಾಗ ನಾ ಒಬ್ಬಾಕಿನ ಇರಬೇಕು.

ಇವತ್ತಿನ ಸಾರಿಗೆ ಹುಣಸಿ ಹೆಚ್ಚಾಗೇತಿ. ಬೇಕಂತನ ಹಂಗ ಬಿಟ್ಟೇನಿ. ಸಂಜಿಕೆ ಬರೂದ್ರಾಗ ಪೂರಾ ಒಂದು ಮಾತು ಜೋಡಿಸಿ ಇಡ್ರಿ.

ನಿಮ್ಮ ಖೋಡಿ,
ಅರುಣಾ