ಅಮ್ಮನನ್ನು ದಡ ಮುಟ್ಟಿಸುವ ಏರ್ಪಾಡು

ಆಂಬೋನ್
೩ ಅಕ್ಟೋಬರ್ ೨೦೧೪

ಪ್ರೀತಿಯ ದೊಡ್ಡಮ್ಮ,

ಹೇಳದೆ ಬಿಟ್ಟುಬಿಡಬೇಕು ಎಂದುಕೊಂಡಿದ್ದ ಮಾತನ್ನೇ ಮೊದಲು ಬರೆಯುತ್ತಿದ್ದೇನೆ. ತಡ ಮಾಡಿದರೆ ಧೈರ್ಯ ಸೋರಿಹೋಗುತ್ತದೆ. ಮಾರ್ಚ್ ತಿಂಗಳಲ್ಲಿ ನಿಮ್ಮ ದ್ವೀಪದೆದುರು ನಿಂತು, ಅಕ್ಕಿಮೂಟೆ ಇಳಿಸಿ, ಹಾಗೇ ಹೊರಟುಹೋದ ಹಡಗಿನಲ್ಲಿ ಅಮ್ಮ ಇದ್ದಳು. ನಾನೂ ಇದ್ದೆ.

ಕೋಪ ಬಂದಿದ್ದರೆ ಸ್ವಲ್ಪ ಹೊತ್ತು ಕಾಗದ ಕೆಳಗಿಟ್ಟು, ಆಮೇಲೆ ಓದಿ. ನಿಮ್ಮ ಮಂಡಿನೋವು ಹೇಗಿದೆ? ಹೋದ ಹಡಗಿನಲ್ಲಿ ಕಳಿಸಿದ ಎಣ್ಣೆ ತಲುಪಿತೇ? ಕಣ್ಣು ಮಂಜಾಗಿದ್ದರೆ ಇದನ್ನು ಮೇಷ್ಟ್ರ ಹೆಂಡತಿಯಿಂದ ಓದಿಸಿಕೊಳ್ಳಿ, ಅವರು ಅರ್ಧ ಊರಿಗೆ ಮಾತ್ರ ಹೇಳುತ್ತಾರೆ. ನೀವು ಕಳಿಸಿದ ಕೆನಾರಿ ಬೀಜ ಬಂತು. ಅಮ್ಮ ಅದನ್ನು ಡಬ್ಬಿಯಲ್ಲಿ ಹಾಕಿ, ನನಗೆ ದಿನಕ್ಕೆ ಐದರಂತೆ ಕೊಡುತ್ತಾಳೆ, ನನಗಿನ್ನೂ ಏಳು ವರ್ಷವೇನೋ ಎಂಬಂತೆ. ಅವಳ ಮುರಿದಿದ್ದ ಸೊಂಟದ ಮೂಳೆ ಕೂಡಿಕೊಂಡಿದೆ. ಎಡಗಾಲು ಮಾತ್ರ ಒಂದು ಬೆರಳಿನಷ್ಟು ಗಿಡ್ಡವಾಗಿ ಉಳಿಯಿತು. ಮೆಟ್ಟಿಲು ಹತ್ತುತ್ತಾಳೆ, ಮಾರ್ಕೆಟ್ಟಿಗೆ ಹೋಗಿ ಮೀನಿನವಳ ಜೊತೆ ಜಗಳವಾಡಿ ಬರುತ್ತಾಳೆ. ಆದರೆ ದಂಡೆಯಾಚೆ ಕಡಲಲ್ಲಿ ನಿಂತ ಹಡಗಿನಿಂದ ಹಗ್ಗದ ಏಣಿ ಹಿಡಿದು ದೋಣಿಗಿಳಿಯುವುದು ಇನ್ನು ಅವಳಿಂದಾಗದು. ನಿಮ್ಮೂರಿಗೆ ಹಡಗುಕಟ್ಟೆಯಿಲ್ಲ, ಏಣಿಯ ಹೊರತು ದಾರಿಯಿಲ್ಲ.

ಮಾರ್ಚಿನಲ್ಲಿ ನಿಮಗೆ ತಿಳಿಸದೆ ಬಂದು ಬೆರಗುಗೊಳಿಸಬೇಕೆಂಬ ಆಸೆ ನನಗಿತ್ತು. ಆಫೀಸಿನಲ್ಲಿ ಬೇರೆಯವರ ಪ್ರಯಾಣ ಏರ್ಪಡಿಸುವುದೇ ನನ್ನ ಕೆಲಸ. ಯಾವ ಹಡಗು, ಯಾವ ದಿನ, ಯಾರು ಅಮ್ಮನ ಕೈ ಹಿಡಿಯುವವರು, ಎಲ್ಲವನ್ನೂ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದೆ. ಅಮ್ಮ ಅದನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ ಮಗಳೇ, ಅಲೆಗೂ ಇಂಗ್ಲಿಷ್ ಬರುತ್ತಾ?" ಅಂದಿದ್ದಳು. ನಿಮ್ಮ ಲವಂಗದ ಮರಗಳ ದುಡ್ಡಿನಿಂದ ನಾನು ಸುರಬಾಯಾದ ಇಂಗ್ಲಿಷ್ ಶಾಲೆಗೆ ಹೋದೆ, ದೊಡ್ಡಮ್ಮ. ಅಲ್ಲಿ ಕಲಿತದ್ದರಲ್ಲಿ ಪಟ್ಟಿ ಮಾಡುವುದೊಂದೇ ಗಟ್ಟಿಯಾಗಿ ಉಳಿಯಿತೇನೋ. ಅಮ್ಮನನ್ನು ಇಳಿಸಿಕೊಳ್ಳಲು ಪಕ್ಕದ ದ್ವೀಪದ ವ್ಯಾಪಾರಿಯೊಬ್ಬನ ಮೋಟಾರು ದೋಣಿ ಗೊತ್ತು ಮಾಡಿದ್ದೆ. ಅವನು ಬಂದ. ಅಲೆಗಳನ್ನು ನೋಡಿದ. ಆಗದೆಂದು ಕೈಯಲ್ಲಾಡಿಸಿ ತಿರುಗಿ ಹೋದ.

ಅದೇ ಹೊತ್ತಿನಲ್ಲಿ ಹತುಲೋಯಿ ಊರಿನ ದೋಣಿಗಳು ಮೂರು ಸಲ ಹಡಗಿನ ಬದಿಗೆ ಬಂದು ಅಕ್ಕಿ ಇಳಿಸಿಕೊಂಡವು. ನಮ್ಮ ಪೆಲಾ ಊರಿನವರು, ನಮ್ಮ ಅಜ್ಜಂದಿರ ಜೊತೆ ಒಂದೇ ಬಟ್ಟಲಿನಲ್ಲಿ ಕುಡಿದು ಅಣ್ಣತಮ್ಮಂದಿರೆಂದು ಆಣೆಯಿಟ್ಟವರ ಮಕ್ಕಳು. ತಾಹೆರ್ ಮಾಮನ ಮಗ ಮೂಟೆಗಳ ಮೇಲೆ ನಿಂತು, ಮೇಲೆ ನೋಡುತ್ತ, "ಇಳಿಯೋರು ಯಾರಾದ್ರೂ ಇದ್ದೀರೇನ್ರೋ?" ಎಂದು ಕೂಗಿದ. ನಾನು ಬಾಯಿ ಬಿಡಲಿಲ್ಲ. ಪೆಲಾದವರು ಕೇಳಿದರೆ ಪೆಲಾದವರು ಇಲ್ಲವೆನ್ನುವಂತಿಲ್ಲ. ಇಲ್ಲವೆನ್ನಲಾರದವರನ್ನು ಅಂಥ ಅಲೆಯಲ್ಲಿ ಕೇಳುವುದು ಕೇಳಿದಂತೋ, ಕೊರಳಿಗೆ ಹಗ್ಗ ಹಾಕಿದಂತೋ ಎಂದು ಯೋಚಿಸುತ್ತ ನಿಂತೆ. ಈ ಊರು ಧರ್ಮದ ಹೆಸರಿನಲ್ಲಿ ಉರಿದ ವರ್ಷಗಳಲ್ಲಿ ಅವರ ಮನೆಗಳಲ್ಲೇ ಅಲ್ಲವೇ ನಾವು ಅಡಗಿ ಜೀವ ಉಳಿಸಿಕೊಂಡಿದ್ದು? ಇನ್ನೆಷ್ಟು ಸಲ ಕೇಳುವುದು ಅನ್ನಿಸಿತು. ಇದು ಮರ್ಯಾದೆಯೋ ಅಹಂಕಾರವೋ, ಇವತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ. ಅಷ್ಟರಲ್ಲಿ ಹಡಗು ಶಂಖದಂತೆ ಕೂಗಿತು. ಅಮ್ಮ ಮಾತ್ರ ಕಂಬಿ ಹಿಡಿದು ದಂಡೆಯನ್ನೇ ನೋಡುತ್ತಿದ್ದಳು. "ಅದೋ ನೋಡು, ನಮ್ಮಕ್ಕ! ನಡಿಗೆ ನೋಡಿದ್ರೆ ಗೊತ್ತಾಗಲ್ವಾ? ಇನ್ನೂ ಯಾರನ್ನೋ ಬೈತಾ ಇದ್ದಾಳೆ." ಹನ್ನೊಂದು ವರ್ಷದ ಮೇಲೆ ಅವಳು ನಿಮ್ಮನ್ನು ನೋಡಿದ್ದು ಅಷ್ಟೇ.

ದೊಡ್ಡ ತಪ್ಪು ಆಮೇಲೆ ಆಯಿತು. "ನಮ್ಮೋರು ಬರಲ್ಲ ಅಂದ್ರಾ?" ಎಂದು ಅಮ್ಮ ಕೇಳಿದಳು. "ಅಲೆ ಜೋರಿದೆ ಅಮ್ಮ" ಎಂದೆ. ಅದು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ನಾನು ಕೇಳಿದೆ, ಅವರು ಒಲ್ಲೆವೆಂದರು ಎಂದು ಅವಳು ತಿಳಿದಳು. ಪೆಲಾದವರು ಒಲ್ಲೆವೆಂದರೆ ಅವರ ಮಕ್ಕಳುಮರಿಗೆ ಕೇಡು ತಟ್ಟುತ್ತದೆಂದು ನಂಬಿದವಳು ಅಮ್ಮ. ಐದು ತಿಂಗಳು ಪ್ರತಿದಿನ ಪ್ರಾರ್ಥನೆಯಲ್ಲಿ ಹತುಲೋಯಿಯ ಮಕ್ಕಳ ಹೆಸರು ಹಿಡಿದು, ಅವರಿಗೇನೂ ಆಗದಿರಲಿ ಎಂದು ಬೇಡಿಕೊಂಡಿದ್ದಾಳೆ. ನನಗೆ ಕೇಳಿಸುತ್ತಿತ್ತು. ಆದರೂ ಸುಮ್ಮನಿದ್ದೆ.

ಆಗಸ್ಟಿನಲ್ಲಿ ತಾಹೆರ್ ಮಾಮ ಮೊಮ್ಮಗಳ ಮದುವೆಗೆಂದು ಇಲ್ಲಿಗೆ ಬಂದವರು ನಮ್ಮ ಮನೆಗೂ ಬಂದರು. ಅಮ್ಮ ಒಂದು ಲೋಟ ನೀರಿಟ್ಟು ಮೂಲೆಯಲ್ಲಿ ಕೂತಳು. "ಏನಮ್ಮಾ ಡೊರ್ಸಿ, ಸಮುದ್ರ ದಾಟಿ ಬಂದ ಅಣ್ಣನಿಗೆ ಬರೀ ನೀರಾ? ಸಾಗೊ ರೊಟ್ಟಿಗೂ ಬರಗಾಲವಾ?" ಎಂದರು ಮಾಮ. ಅಮ್ಮ ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡದ್ದು ನೋಡಿ ನನ್ನಿಂದ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿದೆ. ಮಾಮ ನೀರಿನ ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು: "ನೊಲ್ಡಾ, ನಮ್ಮ ಮಸೀದಿಗೆ ಕಂಬ ಬೇಕಾದಾಗ, ಪಾಪ, ನಿಮ್ಮೂರೋರ ಬೆನ್ನು ನೋಯುತ್ತೆ ಅಂತ ನಾವು ಸುಮ್ನಿದ್ವಾ? ಬಂದು ಕೇಳಿದ್ವಿ, ಹೊತ್ಕೊಂಡು ಬಂದ್ರಿ. ಕನಿಕರ ಗಿನಿಕರ ಹೊರಗಿನೋರಿಗೆ ಇಟ್ಕೋ. ನೀನು ಕೇಳ್ದೇ ಇದ್ದು ನಮ್ಮನ್ನ ಹೊರಗಿನೋರು ಮಾಡ್ದೆ." ಅಮ್ಮ ಎದ್ದು ಒಲೆ ಹಚ್ಚಿದಳು. ನನ್ನ ಕಡೆ ನೋಡಲಿಲ್ಲ, ಎರಡು ದಿನ. ಮೂರನೆಯ ದಿನ ತಟ್ಟೆಯ ಪಕ್ಕದಲ್ಲಿ ಐದು ಕೆನಾರಿ ಬೀಜವಿತ್ತು.

ಈಗಿನ ಏರ್ಪಾಡು ನನ್ನದಲ್ಲ, ಮಾಮನದು. ನವೆಂಬರ್ ಆರರ ಹಡಗಿನಲ್ಲಿ ಅಮ್ಮ ಮತ್ತು ನಾನು ಹೊರಡುತ್ತೇವೆ, ಒಂಬತ್ತರ ಬೆಳಿಗ್ಗೆ ನಿಮ್ಮೆದುರು ಇರುತ್ತೇವೆ. ಆಗ ಗಾಳಿ ಬಿದ್ದಿರುತ್ತದೆ. ನಮ್ಮ ಊಟದ ಮನೆಯ ಬೆತ್ತದ ಕುರ್ಚಿಗೆ ನಾಲ್ಕು ಕಡೆ ಹಗ್ಗ ಕಟ್ಟಿ, ಮೂಟೆ ಇಳಿಸುವ ಕ್ರೇನಿನಿಂದ ಅಮ್ಮನನ್ನು ಇಳಿಸುವುದು. ಕೆಳಗೆ ಎರಡು ದೋಣಿಗಳನ್ನು ಬಿದಿರಿನಿಂದ ಜೋಡಿಸಿ ಕಟ್ಟಿರುತ್ತಾರೆ, ಒಂಟಿ ದೋಣಿಯಂತೆ ಅದು ಹೊರಳುವುದಿಲ್ಲ. ಹಡಗಿನ ಅಧಿಕಾರಿ ಮೊದಲು ಆಗದೆಂದು ತಲೆಯಾಡಿಸಿದರು, ನಂತರ ತಮ್ಮ ತಾಯಿಯ ವಯಸ್ಸು ಹೇಳಿ ಒಪ್ಪಿದರು. ಹೋದ ವಾರ ಇಲ್ಲಿನ ಬಂದರಿನಲ್ಲಿ ಒಂದು ಸಲ ಇಳಿಸಿಯೂ ನೋಡಿದೆವು. ಕೂಲಿಗಳೆಲ್ಲ ಚಪ್ಪಾಳೆ ತಟ್ಟಿದರೆ, ಅಮ್ಮ ಗಾಳಿಯಲ್ಲಿ ತೂಗಾಡುತ್ತ, "ನಿಧಾನ ಕಣ್ರಪ್ಪಾ, ನಾನು ಸಿಮೆಂಟಲ್ಲ!" ಎಂದು ಕೂಗುತ್ತಿದ್ದಳು. ಒಂಬತ್ತನೇ ತಾರೀಖು ಭಾನುವಾರವೆಂದು ಮಾಮ ಇಲ್ಲಿದ್ದಾಗಲೇ ನನಗೆ ಹೊಳೆದಿತ್ತು. ಭಾನುವಾರ ನಮ್ಮೂರಿನವರು ದೋಣಿಯ ಹುಟ್ಟು ಮುಟ್ಟುವುದಿಲ್ಲವಲ್ಲ. ಮಾಮ ನಕ್ಕುಬಿಟ್ಟರು. "ನೀವು ಚರ್ಚಲ್ಲಿ ಹಾಡ್ತಾ ಇರಿ, ದೋಣಿ ನಮ್ಮವು. ಶುಕ್ರವಾರ ಏನಾದ್ರೂ ಬಂದ್ರೆ ನೀವು ನೋಡ್ಕೊಳ್ಳಿ."

ಇಷ್ಟು ಜನರ ಕೈಗಳನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ. ಮೊದಲ ಕೈ ನಿಮ್ಮದು, ನಾಲ್ಕು ವರ್ಷದವಳಿದ್ದಾಗಿಂದ ನನ್ನ ತಲೆ ಬಾಚಿದ್ದು. ಮೇಷ್ಟ್ರಿಗೆ, ಅವರ ಹೆಂಡತಿಗೆ, ಪಾದ್ರಿಗಳಿಗೆ ನನ್ನ ವಂದನೆ ತಿಳಿಸಿ. ನನ್ನನ್ನು ಬೈಯುವುದಿದ್ದರೆ ಬಂದಾಗ ಬೈಯಿರಿ, ಎದುರಿಗೆ ಕೂತು ಕೇಳುತ್ತೇನೆ.

ನಿಮ್ಮ ಕೈಗೆ ಮುತ್ತಿಡುತ್ತ,
ನೊಲ್ಡಾ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇದನ್ನು ಸೇರಿಸುತ್ತಿದ್ದೇನೆ. ನಾನು ಇಬ್ಬರಿಗೂ ಹಿಂದಿರುಗುವ ಟಿಕೆಟ್ ತೆಗೆಸಿದ್ದೆ. ನಿನ್ನೆ ಅಮ್ಮ ಒಂದನ್ನು ವಾಪಸು ಮಾಡಿಸಿ ಬಂದಳು. "ಒಂದ್ಸಲ ಮೂಟೆ ಥರ ಇಳೀತೀನಿ. ಮತ್ತೆ ಹತ್ತೋದು ನನ್ನ ಕೈಲಾಗಲ್ಲ, ಮನಸ್ಸೂ ಇಲ್ಲ" ಅಂದಳು. ನಿಮ್ಮನ್ನು ಕೇಳುವ ಧೈರ್ಯ ಅವಳಿಗಿಲ್ಲ. ನಾನು ಕೇಳುತ್ತಿದ್ದೇನೆ: ನಿಮ್ಮ ತಂಗಿ ಇನ್ನು ನಿಮ್ಮ ಬಳಿಯೇ ಇರಬಹುದೇ? ಒಂದು ಸಾಲು ಸಾಕು, ತಿರುಗಿ ಬರುವ ಹಡಗಿಗೆ ಕೊಡಿ. ಅಕ್ಟೋಬರ್ ಒಂಬತ್ತು, ಗುರುವಾರ, ಈ ಕಾಗದವನ್ನು ಹಡಗಿನ ಅಂಚೆಗೆ ಹಾಕುತ್ತೇನೆ.