ಯಾವ ಕುಲದ ಕಲ್ಲು

ಮುನಿಶಾಮಿ,

ನಿನ್ನನ್ನು ಮಣ್ಣು ಮಾಡಿ ವರ್ಷವಾಯಿತು. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ಭೂಗರ್ಭಶಾಸ್ತ್ರ ಓದುವಾಗ ನೀನು ತಮಿಳುನಾಡಿನ ಅರಿಯಲೂರಿನಿಂದ ತಂದು ನನಗೆ ಕೊಟ್ಟ ಸುರುಳಿಗಲ್ಲನ್ನು ಅಮ್ಮ ಸಾಲಿಗ್ರಾಮವೆಂದು ದೇವರಮನೆಯಲ್ಲಿ ಇಟ್ಟುಬಿಟ್ಟಿದ್ದಳಲ್ಲ, ಇಂದು ಗೌರಿಬಿದನೂರಿನ ಪುರೋಹಿತರು ಅದನ್ನು ತಿರುಗಿಸಿ ನೋಡಿ ಅಮ್ಮನನ್ನು ಕೇಳಿದರು.

"ಗೋದಮ್ಮನೋರೇ, ಇದರಲ್ಲಿ ಚಕ್ರಾನೇ ಇಲ್ವಲ್ಲ! ಯಾವ ಜಾತೀದು?"

ಕಲ್ಲಿಗೂ ಜಾತಿ ಕೇಳುವ ಮನೆ ನಮ್ಮದು. ನೀನು ಕಲಿಸಿದ್ದನ್ನೇ ಹೇಳಿದೆ. "ಬಸವನಹುಳದ ಥರಾ ಚಿಪ್ಪಿದ್ದ ಸಮುದ್ರದ ಹುಳು ಸ್ವಾಮಿ, ಕಲ್ಲಾಗಿದೆ. ಚಿಪ್ಪಿನ ಸುರುಳಿ ನೋಡಿ ಕುಲ ಗುರುತಿಸ್ತಾರೆ. ಇದರ ಕುಲ ಪೂರ್ತಿ ಅಳಿದುಹೋಗಿದೆ. ಈಗ ಬಂಡೆಗಳಲ್ಲಿ ಮಾತ್ರ ಸಿಗುತ್ತೆ."

"ಅಯ್ಯೋ, ಹುಳಕ್ಕೆ ಹಾಲೆರೆದೆನೇನೋ! ಯಾರೋ ತಂದಿದ್ದು ಇದನ್ನ?" ಎಂದಳು ಅಮ್ಮ.

"ಹೊಲಗೇರಿಯ ಮುನಿಶಾಮಿ" ಎಂದೆ.

ಹುಳು ಮರೆತೇಹೋಯಿತು ಅವಳಿಗೆ. ಕಲ್ಲನ್ನು ಬೀದಿಗೆಸೆದು ಕೈ ತೊಳೆಯಲು ಹಿತ್ತಲಿಗೆ ಓಡಿದಳು.

ಎತ್ತಿಕೊಂಡು ಬಂದು ಜಗಲಿಯ ಕೆಳಗೆ, ನೀನು ನಿಂತು ನನ್ನನ್ನು ಕೂಗುತ್ತಿದ್ದ ಜಾಗದಲ್ಲಿ ಇಟ್ಟಿದ್ದೇನೆ. ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ನೋಡಿದರೆ ನಮ್ಮ ಹೊಸಿಲು ಎಷ್ಟು ಎತ್ತರ ಕಾಣುತ್ತದೆ ಕಣೋ!

"ಅದನ್ನ ಮುಟ್ಟಿದ್ದೀಯ, ಸ್ನಾನ ಮಾಡ್ಕೊಂಡು ಒಳಗೆ ಬಾರಪ್ಪ" ಎಂದು ಅಮ್ಮ ಕರೆಯುತ್ತಲೇ ಇದ್ದಾಳೆ.

ನಾನು ಏಳುವುದಿಲ್ಲ.

ಚೆನ್ನಕೇಶವ