ಬಾಟಲಿ ಎತ್ತಿಕೊಂಡು ಹೊರಟ ಮೇಡಂ

ಅಕ್ಕನಿಗೆ ನಮಸ್ಕಾರ.

ಈ ಹೊಸ ಪ್ರಯೋಗಾಲಯದಲ್ಲೊಂದು ಕಟ್ಟಳೆಯಿದೆ. ಯಾವ ಲೇಖನವನ್ನೂ ಅಚ್ಚಿಗೆ ಕಳಿಸುವ ಮೊದಲು ಕಟ್ಟಡದ ನಲ್ಲಿ ರಿಪೇರಿಯವರಿಗೆ ವಿವರಿಸಬೇಕು! ನದಿ ನೀರು ಶುದ್ಧವಾಗಿದೆ ಎಂಬ ತಮ್ಮ ಎರಡು ವರ್ಷದ ಸಂಶೋಧನೆಯನ್ನು ತಲೆ ನರೆತ ನಮ್ಮ ಪ್ರೊಫೆಸರ್ ಮೇಡಂ ನಿನ್ನೆ ವಿವರಿಸಿದರು. ರಿಪೇರಿಯವರು ಕೈ ಒರೆಸಿಕೊಳ್ಳುತ್ತಾ, "ನೀವು ನೀರು ಹಿಡಿದಿದ್ದೆಲ್ಲ ಬೆಳಿಗ್ಗೆ. ಬಣ್ಣದ ಕಾರ್ಖಾನೆಯವರು ಕೊಳಚೆ ಬಿಡೋದು ಸಂಜೆ ಅಲ್ವಾ ಮೇಡಂ?" ಅಂದರು. ಎರಡು ವರ್ಷದ ಕೆಲಸ ಹೋಯಿತೆಂದುಕೊಂಡೆವು ನಾವೆಲ್ಲ. ಮೇಡಂ ಮಾತ್ರ, "ಬನ್ನಿ, ಜಾಗ ತೋರಿಸಿ" ಎಂದು ಖಾಲಿ ಬಾಟಲಿಗಳನ್ನೆತ್ತಿಕೊಂಡು ಅವರ ಹಿಂದೆಯೇ ಹೊರಟುಬಿಟ್ಟರು. ದೊಡ್ಡತನ ಅಂದರೆ ಇದು ಕಣೇ!

ನನ್ನ ಕೆಮ್ಮು ವಾಸಿಯಾಗಿದೆ. ಸೋಮವಾರ ನನ್ನ ಸರದಿ. ನನ್ನ ಸಂಶೋಧನೆ ಏನೆಂದು ನೀನು ಕೇಳಿದಾಗಲೆಲ್ಲ, "ನಿಂಗರ್ಥ ಆಗಲ್ಲ ಬಿಡಕ್ಕ" ಎನ್ನುತ್ತಿದ್ದೆನಲ್ಲ. ಭಾನುವಾರ ಫೋನ್ ಮಾಡಿ ಮೊದಲು ನಿನಗೇ ಹೇಳುತ್ತೇನೆ. ಅರ್ಥವಾಗದಿದ್ದರೆ ಸುಮ್ಮನೆ ಹೂಂಗುಟ್ಟಬೇಡ, ಬೈದು ಕೇಳು.

ಕಾರ್ಡು ತುಂಬಿತು.
ನಿನ್ನ ತಂಗಿ